ಕಲ್ಲುಬಾನಿಯ ನೀರು ತಿಳಿಯಾದದ್ದು

ತೊಂಬತ್ತರ ದಶಕದ ಕೊನೆಯ ಒಂದು ಬೇಸಿಗೆ. ನಾವಾಗ ಚನ್ನರಾಯಪಟ್ಟಣದಲ್ಲಿದ್ದೆವು. ನನ್ನ ಯಜಮಾನರು ಪಶುವೈದ್ಯರು, ನಾನು ಜೂನಿಯರ್ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳಿಕೊಡುತ್ತಿದ್ದೆ. ಒಂದು ಸಂಜೆ ಅವರು ಹಿರೀಸಾವೆ ಕಡೆಯ ಹಳ್ಳಿಯೊಂದರಿಂದ ಬಂದವರೇ, ಕೈಕಾಲು ತೊಳೆಯುವುದಕ್ಕೂ ಮುಂಚೆ ಚೀಲದಿಂದ ನಾಲ್ಕು ಸೀಸೆ ತೆಗೆದು ಅಡುಗೆಮನೆಯ ಕಿಟಕಿಯಲ್ಲಿಟ್ಟರು. ಒಳಗೆ ಬಣ್ಣ ಕದಡಿದಂಥ ಹಸಿರು ನೀರು. ಊರ ಕೆರೆಯಲ್ಲಿ ನೀರು ಕುಡಿದ ಎರಡು ಎಮ್ಮೆ ಮಧ್ಯಾಹ್ನದೊಳಗೆ ಸತ್ತಿದ್ದವಂತೆ. ಹಾವು ಕಡಿದಿರಲಿಲ್ಲ, ಮೇವಿನಲ್ಲೂ ದೋಷವಿರಲಿಲ್ಲ. ನೀರನ್ನು ನೀನೊಮ್ಮೆ ನೋಡು ಎಂದರು.

ಕಾಲೇಜಿನ ಮೈಕ್ರೋಸ್ಕೋಪಿನಲ್ಲಿ ನೋಡಿದೆ. ದುಂಡು ಕಣಗಳ ದೊಡ್ಡ ದೊಡ್ಡ ಗುಂಪು, ನೀಲಿಹಸಿರು ಪಾಚಿ. ಅದರಲ್ಲಿ ಕೆಲವು ವಿಷದವು, ಕೆಲವು ಅಲ್ಲ. ಇದು ಯಾವುದೆಂದು ಹೇಳುವ ಉಪಕರಣ ನಮ್ಮಲ್ಲಿರಲಿಲ್ಲ. ಕೆರೆ ನೀರು ಯಾರೂ ಮುಟ್ಟಬೇಡಿ, ದನಗಳನ್ನೂ ಬಿಡಬೇಡಿ ಎಂದು ಯಜಮಾನರು ಊರಿಗೆ ಹೇಳಿ ಬಂದರು. ಸೀಸೆಗಳು ಕಿಟಕಿಯಲ್ಲೇ ಉಳಿದವು.

ವಾರ ಕಳೆದಿರಬೇಕು. ನಾಲ್ಕರಲ್ಲಿ ಒಂದು ಸೀಸೆ ಹಳದಿಗೆ ತಿರುಗಿ, ಮತ್ತೆರಡು ದಿನಕ್ಕೆ ತಿಳಿಯಾಯಿತು. ಅದು ಜೊಂಡು ಬೆಳೆದ ಮೂಲೆಯಿಂದ ತುಂಬಿಕೊಂಡ ನೀರು. ಮತ್ತೆ ಮೈಕ್ರೋಸ್ಕೋಪಿನ ಕೆಳಗಿಟ್ಟೆ. ಪಾಚಿಯ ಕಣಗಳು ಒಡೆದು ಚೂರಾಗಿದ್ದವು. ಅವುಗಳ ಸುತ್ತ ಕಡ್ಡಿಯಂಥ ಸಣ್ಣ ಸಣ್ಣ ಬ್ಯಾಕ್ಟೀರಿಯಾ ಸರಿದಾಡುತ್ತಿದ್ದವು. ಅವೇ ಪಾಚಿಯನ್ನು ಕೊಂದವೋ, ತಾನಾಗಿ ಸತ್ತ ಪಾಚಿಯನ್ನು ತಿನ್ನಲು ಬಂದವೋ ನನಗೆ ತಿಳಿಯಲಿಲ್ಲ.

ಮೈಸೂರಿನಲ್ಲಿ ನನಗೆ ಪಾಠ ಹೇಳಿದ್ದ ಪ್ರಾಧ್ಯಾಪಕರಿಗೆ ಕಾಗದ ಬರೆದೆ. ಪಾಚಿಯನ್ನು ಕೊಲ್ಲುವ ಬ್ಯಾಕ್ಟೀರಿಯಾ ಇರುವುದು ನಿಜ, ಪಾಚಿ ಇರುವ ನೀರಲ್ಲೇ ಅವೂ ಹುಟ್ಟಿ ಬೆಳೆಯುತ್ತವೆ ಎಂದು ಅವರು ಉತ್ತರಿಸಿದರು. ಕುದಿಸಿದರೆ ಬ್ಯಾಕ್ಟೀರಿಯಾ ಸಾಯುತ್ತವೆ, ತಿಳಿನೀರಿನಲ್ಲಿ ಅರ್ಧವನ್ನು ಕುದಿಸಿ ಆರಿಸಿ ಒಂದು ಹಸಿರು ಸೀಸೆಗೆ, ಕುದಿಸದ ಅರ್ಧವನ್ನು ಇನ್ನೊಂದಕ್ಕೆ ಹಾಕಿ ನೋಡು ಎಂದೂ ಬರೆದಿದ್ದರು. ಹಾಗೇ ಮಾಡಿದೆ. ಕುದಿಸದ ನೀರು ಹಾಕಿದ್ದು ತಿಳಿಯಾಯಿತು, ಇನ್ನೊಂದು ಹಸಿರಾಗೇ ಉಳಿಯಿತು. ಆ ದಿನ ನಾನು ಅಡುಗೆ ಮಾಡುವುದನ್ನೇ ಮರೆತೆ. ಖಾತ್ರಿ ಮಾಡಿಕೊಳ್ಳಲೆಂದು ಕೆರೆಯಿಂದ ಹೊಸ ನೀರು ತರಿಸಿ ಇನ್ನೊಮ್ಮೆ ಮಾಡಿದಾಗ ಎರಡೂ ತಿಳಿಯಾದವು. ಕೈ ತಪ್ಪಿತೇ, ಸೀಸೆ ಸರಿಯಾಗಿ ತೊಳೆದಿರಲಿಲ್ಲವೇ ಎಂದು ತಲೆ ಕೆಡಿಸಿಕೊಂಡು ಕೂತೆ.

ಎಮ್ಮೆ ಕಳೆದುಕೊಂಡಿದ್ದ ಗೌಡತಿಗೆ ಯಜಮಾನರಿಂದ ಈ ಸುದ್ದಿ ಗೊತ್ತಾಯಿತು. ಐವತ್ತು ದಾಟಿದ ಹೆಂಗಸು, ಹೊಲ, ಹಟ್ಟಿ ಎಲ್ಲ ತಾವೇ ನೋಡಿಕೊಳ್ಳುತ್ತಿದ್ದರು. ನಮ್ಮ ಹಟ್ಟಿಯಲ್ಲಿ ಎರಡು ಕಲ್ಲುಬಾನಿ ಇವೆ, ಅದರಲ್ಲಿ ಮಾಡಿ ನೋಡಿ ಎಂದು ಹೇಳಿ ಕಳಿಸಿದರು. ನಾನು ಬಸ್ಸು ಹಿಡಿದು ಹೋದೆ. ದನ ನೀರು ಕುಡಿಯುತ್ತಿದ್ದ ಆ ಬಾನಿಗಳಿಗೆ ಕೆರೆಯ ನೀರು ತುಂಬಿ, ಒಂದಕ್ಕೆ ಮಾತ್ರ ನನ್ನ ಸೀಸೆಯ ತಿಳಿನೀರು ಬೆರೆಸಿ, ಎರಡರ ಸುತ್ತಲೂ ಮುಳ್ಳು ಹಾಕಿಸಿ ಬಂದೆ.

ಮುಂದಿನ ಶನಿವಾರ ಹೋದಾಗ ಸೀಸೆಯ ನೀರು ಬೆರೆಸಿದ ಬಾನಿ ಅರ್ಧ ತಿಳಿಯಾಗಿತ್ತು. ಅದರ ಮುಂದಿನ ಶನಿವಾರ ತಳದ ಕಲ್ಲು ಕಾಣುತ್ತಿತ್ತು, ಇನ್ನೊಂದು ಬಾನಿ ಹಸಿರಾಗೇ ಇತ್ತು. ಗೌಡತಿ ನನ್ನ ಮುಖ ನೋಡಿದರು.

“ಈಗ್ಲಾದ್ರೂ ಕುಡಿಸ್ಬೌದಾ ಮೇಡಮ್ಮಾರೇ?”

“ಬೇಡಿ. ಪಾಚಿ ಒಡೆದಾಗ ಅದರೊಳಗಿನ ವಿಷ ನೀರಿಗೆ ಬಂದಿರುತ್ತೆ. ಇದು ಇನ್ನೂ ಅಪಾಯ.”

“ಅಸ್ರಾಗಿದ್ದಾಗ ಇಸ ಅಂದ್ರಿ. ತಿಳಿಯಾದ್ರೆ ಇನ್ನೂ ಇಸ ಅಂತೀರಿ. ನಾನೇನ್ ತಿಳ್ಕಬೇಕು ಏಳಿ.”

ವಿಷ ಎಷ್ಟು ದಿನಕ್ಕೆ ಇಳಿಯುತ್ತದೆ ಎಂದು ಕೇಳಿದರು. ಅದೂ ನನಗೆ ಗೊತ್ತಿರಲಿಲ್ಲ. ಯಾರೂ ಕುಡಿಯಬಾರದು, ಕೆರೆಗಂತೂ ಇದನ್ನು ಹಾಕಲೇಬಾರದು ಎಂದು ಎರಡೆರಡು ಸಲ ಹೇಳಿ ಬಸ್ಸು ಹತ್ತಿದೆ.

ಆ ವಾರ ಒಂದು ದೊಡ್ಡ ಮಳೆ ಬಿತ್ತು. ಮತ್ತೆ ಹೋದಾಗ ಕೆರೆಯ ಮೆಟ್ಟಿಲ ಬಳಿ ನೀರಿನ ಬಣ್ಣ ತಗ್ಗಿತ್ತು. ಸೀಸೆಯ ನೀರು ಬೆರೆಸಿದ ಬಾನಿ ಖಾಲಿಯಾಗಿತ್ತು. ಗೌಡತಿ ನನ್ನನ್ನು ಹಟ್ಟಿಯ ಹಿಂದಕ್ಕೆ ಕರೆದುಕೊಂಡು ಹೋಗಿ, ನೀರನ್ನೆಲ್ಲ ತಾವೇ ಬಿಂದಿಗೆಯಲ್ಲಿ ಹೊತ್ತು ಕೆರೆಗೆ ಸುರಿದದ್ದನ್ನು ಹೇಳಿದರು. ಮಳೆಗೆ ಮೂರು ದಿನ ಮುಂಚೆ ಸುರಿದಿದ್ದರು.

ನನಗೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚು ಭಯವಾಯಿತು. ಅಷ್ಟು ದೊಡ್ಡ ಕೆರೆಗೆ ಹತ್ತು ಬಿಂದಿಗೆ ನೀರು ಯಾವ ಲೆಕ್ಕ ಎಂದು ನನಗೆ ನಾನೇ ಹೇಳಿಕೊಂಡೆ. ಬ್ಯಾಕ್ಟೀರಿಯಾ ಬೆಳೆಯುತ್ತವಲ್ಲ ಎಂದು ಮರುಕ್ಷಣವೇ ಅನ್ನಿಸಿತು. ಕೆರೆ ಏರಿಯ ಉದ್ದಕ್ಕೂ ನಡೆದು ನೋಡಿದೆ. ಆಚೆ ದಡದಲ್ಲಿ ಪಾಚಿ ಕೆನೆಯ ಹಾಗೆ ದಪ್ಪಗೆ ಕೂತಿತ್ತು. ಗಾಳಿ ಅದನ್ನು ಅತ್ತ ತಳ್ಳಿರಬಹುದು. ಮುಂದೆ ತಿಂಗಳೊಳಗೆ ಅಲ್ಲಿಯೂ ಇಳಿಯಿತು. ಅಷ್ಟರಲ್ಲಿ ಇನ್ನೂ ನಾಲ್ಕು ಮಳೆ ಆಗಿತ್ತು.

ಮೇಡಮ್ಮಾರು ಮದ್ದು ಹಾಕಿ ಕೆರೆ ತಿಳಿ ಮಾಡಿದರು ಎಂದು ಸುದ್ದಿ ಹಬ್ಬಿತು. ಅರಕಲಗೂಡು ಕಡೆಯಿಂದ ಒಬ್ಬರು ಖಾಲಿ ಕ್ಯಾನು ಹಿಡಿದು ಮನೆಗೇ ಬಂದರು. ನನ್ನ ಹತ್ತಿರ ಮದ್ದಿಲ್ಲ, ಇದ್ದರೂ ಕೊಡುವ ಧೈರ್ಯವಿಲ್ಲ ಎಂದೆ. ಕೊಡುವ ಮನಸ್ಸಿಲ್ಲದೆ ಹೀಗೆ ಹೇಳಿದೆ ಎಂದು ಅವರಿಗೆ ಅನ್ನಿಸಿರಬೇಕು. ಕಾಫಿಯನ್ನೂ ಮುಟ್ಟದೆ ಹೋದರು.

ಎರಡು ವರ್ಷದ ನಂತರ, ನಾವು ಹಾಸನಕ್ಕೆ ಬಂದ ಮೇಲೆ, ಕೆರೆ ಮತ್ತೆ ಹಸಿರಾಯಿತು. ಜೊಂಡಿನ ಮೂಲೆಯಿಂದಲೇ ನೀರು ತಂದು ಹನ್ನೆರಡು ಸೀಸೆ ಇಟ್ಟೆ. ಒಂದೂ ತಿಳಿಯಾಗಲಿಲ್ಲ. ಅದನ್ನು ಹೇಳಲು ಗೌಡತಿಯ ಮನೆಗೆ ಹೋದೆ. ಅವರು ರೊಟ್ಟಿ ತಟ್ಟುತ್ತಿದ್ದವರು ಕೈ ನಿಲ್ಲಿಸಿದರು.

“ಅಂಗಾರೆ ಆವತ್ತು ಕೆಲ್ಸ ಮಾಡಿದ್ದು ಬಾನಿ ನೀರಾ, ಮಳೆಯಾ?”

“ಗೊತ್ತಿಲ್ಲಮ್ಮ.”

“ಗೊತ್ತಿಲ್ಲ ಅನ್ನಕ್ಕೆ ಇಷ್ಟೊಂದು ಓದ್ಬೇಕಾ?” ಅವರ ದನಿಯಲ್ಲಿ ಕುಹಕವಿರಲಿಲ್ಲ. ನಿಜವಾಗಿಯೂ ಕೇಳಿದ್ದರು.

ನನಗೆ ಗೊತ್ತಿದ್ದ ಒಂದೇ ಸಂಗತಿ ಹೇಳಿದೆ. ಏರಿಯ ಪಕ್ಕದ ತಿಪ್ಪೆಗಳಿಂದ, ಗೊಬ್ಬರ ಹಾಕಿದ ಗದ್ದೆಗಳಿಂದ ಹರಿದು ಬರುವ ನೀರೇ ಪಾಚಿಗೆ ಊಟ ಎಂದೆ. ಅವರು ಮೊದಲು ತಮ್ಮ ತಿಪ್ಪೆಯನ್ನು ಹೊಲದ ಆಚೆಗೆ ಸಾಗಿಸಿದರು. ಆಮೇಲೆ ಉಳಿದವರ ಬಾಗಿಲಿಗೂ ಹೋದರಂತೆ. ಕೆಲವರು ಸಾಗಿಸಿದರು, ಕೆಲವರು ಬೈದು ಕಳಿಸಿದರು.

ಮುಂದಿನ ಬೇಸಿಗೆ ಕೆರೆ ಅಷ್ಟೇನೂ ಹಸಿರಾಗಲಿಲ್ಲ. ತಿಪ್ಪೆ ಎತ್ತಿದ್ದಕ್ಕೇ ಅಂತೀರಾ ಎಂದು ಗೌಡತಿ ಹಾಸನಕ್ಕೆ ಬಂದಾಗ ಕೇಳಿದರು. ಇರಬೇಕು ಎಂದೆ. ಯಜಮಾನರು ಪೇಪರಿನಿಂದ ತಲೆಯೆತ್ತಿ, ಹಿಂದಿನ ಮಳೆಗಾಲ ಕೆರೆ ಕೋಡಿ ಬಿದ್ದು ಹಳೆ ನೀರೆಲ್ಲ ಹರಿದುಹೋಗಿತ್ತಲ್ಲ ಎಂದರು. ನಾವಿಬ್ಬರೂ ಅವರನ್ನೇ ನೋಡಿದೆವು.