ಜುಲೈ ತಿಂಗಳ ಹಿಮ

ದೋಹಾದ ಸೆಕೆಗೆ ಹೆದರಿ ಜುಲೈನಲ್ಲೇ ರಜೆ ಹಾಕುವುದು ನಮ್ಮ ಆಫೀಸಿನವರ ರೂಢಿ. ಹಾಗೆಯೇ ಒಂದು ಜುಲೈನಲ್ಲಿ ನಾನೂ ಹೆಂಡತಿಯೂ ಆರ್ಕ್‌ಟಿಕ್ ವೃತ್ತದಾಚೆಯ, ಹಿಮದ ಮೇಲೆ ಜಾರುವ ಸ್ಕೀ ಆಟಕ್ಕೆ ಹೆಸರಾದ ಊರೊಂದಕ್ಕೆ ಹೋದೆವು. ಅಲ್ಲಿ ವರ್ಷವಿಡೀ ಹಿಮವಿರುತ್ತದೆಂದು ಎಂ.ಟೆಕ್. ಓದಿದ ನನಗೆ ಖಾತ್ರಿಯಿತ್ತು.

ದೋಹಾಕ್ಕೆ ಮರಳಿದ ಮೇಲೆ ಅಲ್ ಗರಾಫಾ ಬಡಾವಣೆಯ ಗೆಳೆಯರ ಮನೆಗಳಲ್ಲಿ ಮೊಣಕಾಲುದ್ದ ಹಿಮವನ್ನು ವರ್ಣಿಸಿ ತಜ್ಞನೆನಿಸಿಕೊಂಡೆ. ಎಷ್ಟು ಸಲ ಹೇಳಿದೆನೆಂದರೆ, ಆ ಚಳಿ ಈಗ ನನ್ನ ಮೊಣಕಾಲಿಗೇ ನೆನಪಿದೆ.

ಕಳೆದ ವಾರ ಮೈಸೂರಿನ ಸಹೋದ್ಯೋಗಿಯೊಬ್ಬ ಮನೆಗೆ ಬಂದ. "ಸಾರ್, ಮಗಳು ಸ್ಕೀ ಕಲೀಬೇಕಂತೆ. ನಿಮ್ಮ ಥರಾನೇ ಜುಲೈಗೆ ಟಿಕೆಟ್ ಬುಕ್ ಮಾಡ್ತಿದೀನಿ" ಎಂದು ಫೋನ್ ತೆಗೆದ.

ಯಾಕೋ ಅನುಮಾನವಾಗಿ ಆ ವರ್ಷದ ಡೈರಿ ತೆರೆದೆ. ಹಿಮದ ಸುದ್ದಿಯೇ ಇಲ್ಲ. ಹಸಿರು ಗುಡ್ಡ, ಮುಚ್ಚಿದ ಸ್ಕೀ ಲಿಫ್ಟು, ವಿಪರೀತ ಸೊಳ್ಳೆ ಎಂದು ನನ್ನದೇ ಅಕ್ಷರದಲ್ಲಿತ್ತು.

"ಏಪ್ರಿಲ್‌ನಲ್ಲಿ ಹೋಗಪ್ಪ. ಹಿಮಾನೂ ಇರುತ್ತೆ, ಚಳಿಗಾಲದ ಕತ್ತಲೆ ಕಳೆದು ಬೆಳಕೂ ಇರುತ್ತೆ" ಎಂದೆ.

"ನಿಮಗೆ ಜುಲೈನಲ್ಲೇ ಸಿಕ್ಕಿತ್ತಲ್ಲ ಸಾರ್?"

ಅಡುಗೆಮನೆಯಿಂದ ಹೆಂಡತಿ ಕೂಗಿದಳು: "ಸಿಕ್ಕಿದ್ದು ಸೊಳ್ಳೆ! ಹೇಳಿಬಿಡ್ರೀ, ಪಾಪ, ಮಗು ಅಷ್ಟು ದೂರ ಹೋಗಿ ಕಾಲು ಕೆರ್ಕೊಂಡು ಬರೋದು ಬೇಡ."

ಹೇಳಿದೆ. ಅವನು ಜುಲೈ ಅಳಿಸಿ ಏಪ್ರಿಲ್ ಒತ್ತಿದ. ನನ್ನ ಮೊಣಕಾಲು ಮಾತ್ರ ಚಳಿಯಿತ್ತೆಂದೇ ಇನ್ನೂ ವಾದಿಸುತ್ತಿದೆ.