ವರ್ತನೆ ಮನೆ

ಶಿವಮೊಗ್ಗದಲ್ಲಿ ಸಣ್ಣ ವ್ಯಾಪಾರಸ್ಥರಿಗೆಂದು ಮೊನ್ನೆ ಒಂದು ತರಬೇತಿ ಇಟ್ಟಿದ್ದರು. ಗಿರಾಕಿಗಳನ್ನು ಉಳಿಸಿಕೊಳ್ಳುವುದು ಹೇಗೆ ಎನ್ನುವುದು ವಿಷಯ. ಬಸ್‌ಸ್ಟ್ಯಾಂಡಿನ ಹತ್ತಿರ ನನ್ನದೊಂದು ಹೂವಿನ ಅಂಗಡಿ ಇದೆ. ಗಿರಾಕಿ ವಿಷಯದಲ್ಲಿ ನನಗೆ ಪಾಠ ಹೇಳುವವರು ಯಾರಪ್ಪ ಎಂಬ ಸಿಟ್ಟಿನಲ್ಲೇ ಹೋದೆ. ಮಧ್ಯಾಹ್ನದ ಊಟವೂ ಇದೆ ಎಂದಿದ್ದರು, ಸುಳ್ಳು ಯಾಕೆ ಹೇಳಲಿ.

ಪಾಠ ಹೇಳಲು ಬಂದ ಹುಡುಗ ಆ ಸೆಕೆಯಲ್ಲೂ ಕೋಟು ಹಾಕಿಕೊಂಡಿದ್ದ. "ಕಸ್ಟಮರ್ ರಿಲೇಷನ್‌ಶಿಪ್ ಮ್ಯಾನೇಜ್‌ಮೆಂಟ್" ಎಂದು ಬೋರ್ಡಿನ ಮೇಲೆ ಬರೆದು, ಇದಕ್ಕೆ ಕನ್ನಡದಲ್ಲಿ ಏನನ್ನಬಹುದು ಎಂದು ಕೇಳಿದ. ಮುಂದಿನ ಸಾಲಿನಲ್ಲಿದ್ದ ಮೊಬೈಲ್ ಅಂಗಡಿಯವರು ಪರೀಕ್ಷೆಯಲ್ಲಿ ಉತ್ತರ ಒಪ್ಪಿಸುವಂತೆ "ಗ್ರಾಹಕ ಸಂಬಂಧ ನಿರ್ವಹಣೆ" ಎಂದರು. ನಾನು ಹಿಂದಿನಿಂದ "ವರ್ತನೆ" ಎಂದೆ. ಹುಡುಗನಿಗೆ ಭಾರಿ ಖುಷಿಯಾಯಿತು. "ಕರೆಕ್ಟ್ ಮೇಡಂ! ನಮ್ಮ ಬಿಹೇವಿಯರ್ ಚೆನ್ನಾಗಿರ್ಬೇಕು, ಮುಖದಲ್ಲಿ ನಗು ಇರ್ಬೇಕು" ಎಂದು ಬೋರ್ಡಿನ ಮೇಲೆ ಒಂದು ನಗುಮುಖ ಬರೆದ. ಪಕ್ಕದಲ್ಲಿ ಕೂತಿದ್ದ ಹಾಲಿನವರು ಮಾತ್ರ ನನ್ನ ಕಡೆ ತಿರುಗಿ ನಕ್ಕರು. ಅವರಿಗೆ ಅರ್ಥವಾಗಿತ್ತು. ದಿನ ಬೆಳಗಾದರೆ ತಪ್ಪದೆ ಹಾಲನ್ನೋ ಹೂವನ್ನೋ ಹಾಕುವ ಮನೆಯನ್ನು ನಾವು ವರ್ತನೆ ಮನೆ ಎನ್ನುತ್ತೇವೆ. "ಅದು ನಮ್ಮ ವರ್ತನೆ ಮನೆ" ಎಂದರೆ ಇನ್ನೊಬ್ಬ ಹೂವಿನವಳು ಆ ಗೇಟು ಮುಟ್ಟುವ ಹಾಗಿಲ್ಲ.

ಅಮ್ಮನ ವರ್ತನೆ ಮನೆಗಳೆಲ್ಲ ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿದ್ದವು. ನಾನು ಕಾಲೇಜು ಬಿಟ್ಟು ಅವಳ ಜೊತೆ ವ್ಯಾಪಾರಕ್ಕೆ ನಿಂತ ಕಾಲ ಅದು. ಮಧ್ಯಾಹ್ನ ಶಿವಮೊಗ್ಗಕ್ಕೆ ಬಂದು ಬಿಡಿ ಹೂ ಕೊಳ್ಳುತ್ತಿದ್ದೆವು. ವಾಪಸು ಬಸ್ಸಿನಲ್ಲಿ ಮಲವಗೊಪ್ಪ ದಾಟುವಷ್ಟರಲ್ಲಿ ಅಮ್ಮನ ಮಡಿಲಲ್ಲಿ ಆಗಲೇ ಒಂದು ಮಾರು ಮಲ್ಲಿಗೆ ಕಟ್ಟಿ ಮುಗಿದಿರುತ್ತಿತ್ತು. ಬಸ್ಸು ಎಷ್ಟೇ ಕುಲುಕಿದರೂ ಅವಳ ಬೆರಳು ತಪ್ಪುತ್ತಿರಲಿಲ್ಲ. ಕಂಡಕ್ಟರು "ಏನಮ್ಮಾ, ಬಸ್ಸನ್ನೇ ಅಂಗಡಿ ಮಾಡ್ಕೊಂಡ್ಯಲ್ಲ" ಎಂದು ರೇಗಿಸುತ್ತಿದ್ದರು. "ಹೂವಿನ ಜೊತೆ ನಾರೂ ಸ್ವರ್ಗಕ್ಕೆ ಹೋಯ್ತು ಅಂತಾರೆ. ಕಟ್ಟಿದವಳು ಎಲ್ಲಿಗೆ ಹೋದ್ಳು ಅಂತ ಯಾರೂ ಹೇಳಲ್ಲ ಕಣಪ್ಪಾ. ಬಸ್ಸಲ್ಲೇ ಇದ್ದಾಳೆ ಅಂತ ನೀನಾದ್ರೂ ಹೇಳು" ಎನ್ನುತ್ತಿದ್ದಳು ಅಮ್ಮ. ಇಡೀ ಬಸ್ಸು ನಗುತ್ತಿತ್ತು. ಈಗ ಅದೇ ರಸ್ತೆಯಲ್ಲಿ ಕಾರಿನಲ್ಲಿ ಕೂತು ಗಾಜು ಏರಿಸಿಕೊಂಡು ಹೋಗುವಾಗ ಆ ಬಸ್ಸಿನ ವಾಸನೆಗಾಗಿ ಜೀವ ಹಾತೊರೆಯುತ್ತದೆ. ಡೀಸೆಲ್ಲೂ ಮಲ್ಲಿಗೆಯೂ ಬೆರೆತ ಆ ವಾಸನೆ ಇನ್ನೆಲ್ಲೂ ಸಿಗಲಿಲ್ಲ.

ಬೆಳಗ್ಗೆ ಕ್ವಾರ್ಟರ್ಸಿನಲ್ಲಿ ಮೊದಲು ಫಸ್ಟ್ ಶಿಫ್ಟಿನ ಮನೆಗಳು. ಸೈರನ್ ಆಗುವ ಮೊದಲೇ ಅಲ್ಲಿ ದೇವರಿಗೆ ಹೂ ಏರಬೇಕು. ನೈಟ್ ಶಿಫ್ಟ್ ಮುಗಿಸಿ ಬಂದು ಮಲಗಿದವರ ಮನೆ ಮುಂದೆ ಕೂಗುವ ಹಾಗಿಲ್ಲ, ಕಿಟಕಿ ಸರಳಿಗೆ ಬಾಳೆಲೆ ಪೊಟ್ಟಣ ಸಿಕ್ಕಿಸಿ ಬರಬೇಕು. ಒಂದು ಮನೆಯವರಿಗೆ ಮಲ್ಲಿಗೆ ಮುಡಿದರೆ ತಲೆನೋವು, ಅವರಿಗೆ ಕನಕಾಂಬರ. ಹೂ ಬಾಡಿದ್ದರೆ ಅವರು ಹೇಳುವ ಮೊದಲೇ ನಾವು ಹೇಳಬೇಕು. ಮೊಳ ಅಳೆದಾದ ಮೇಲೆ ಕೊಸರೆಂದು ಒಂದು ತುಂಡು ಸೇರಿಸಲೇಬೇಕು, ಅದನ್ನು ಅವರಿಗೆ ಕಾಣುವ ಹಾಗೇ ಸೇರಿಸಬೇಕು. "ಕಾಣದ ಕೊಸರು ಕೊಟ್ಟರೂ ಒಂದೇ, ಬಿಟ್ಟರೂ ಒಂದೇ" ಎನ್ನುತ್ತಿದ್ದಳು. ನನ್ನಮ್ಮ ಒಳ್ಳೆಯವಳು, ಆದರೆ ಪೆದ್ದಿಯಲ್ಲ.

ಅವಳಿಗೆ ಎಲ್ಲಕ್ಕಿಂತ ಹತ್ತಿರವಾದ ಮನೆ ತಮಿಳಿನವರದು. ಗಂಡ ಕಾರ್ಖಾನೆಯಲ್ಲಿ ಫಿಟ್ಟರ್. ಹೆಂಡತಿ ಅಮ್ಮನ ಓರಗೆಯವಳು. ಅಮ್ಮನನ್ನು "ಪೂಕ್ಕಾರಮ್ಮಾ" ಎಂದು ಕರೆಯುತ್ತಿದ್ದಳು, ಅವರ ಭಾಷೆಯಲ್ಲಿ ಹೂವಿನಮ್ಮ ಎಂದು. ಆಕೆಗೆ ಒತ್ತಾಗಿ ಕಟ್ಟಿದ ಮಲ್ಲಿಗೆಯೇ ಆಗಬೇಕು, ಮೊಗ್ಗು ಮೊಗ್ಗಿನ ನಡುವೆ ನಾರು ಕಂಡರೆ ಜಗಳ. "ಇದೇನು ಪೂವಾ, ದಾರವಾ?" ಎಂದು ಗೇಟಿನಲ್ಲೇ ಶುರು ಮಾಡುತ್ತಿದ್ದಳು. ಜಗಳ ಮುಗಿದ ಮೇಲೆ ಇಬ್ಬರೂ ಮೆಟ್ಟಿಲ ಮೇಲೆ ಕೂತು ಕಾಫಿ ಕುಡಿಯುತ್ತಿದ್ದರು. ಆ ಒಂದು ಮನೆಯಿಂದ ನಮಗೆ ದಿನವೂ ತಡವಾಗುತ್ತಿತ್ತು, ಅಮ್ಮನಿಗೆ ಅದರ ಚಿಂತೆಯೇ ಇರಲಿಲ್ಲ.

ಆಕೆಯ ಗಂಡ ಎದೆನೋವೆಂದು ಆಸ್ಪತ್ರೆ ಸೇರಿದವರು ಮನೆಗೆ ಬರಲಿಲ್ಲ. ಅಮ್ಮ ಹೋಗಿ ಅತ್ತು ಬಂದಳು. ಸೂತಕ ಕಳೆಯುವ ತನಕ ಹೂ ಹಾಕಲಿಲ್ಲ, ಅದು ಸರಿಯೇ. ಆದರೆ ಆಮೇಲೂ ಅಮ್ಮ ಆ ಬೀದಿಗೆ ಕಾಲಿಡಲಿಲ್ಲ. ಹಿಂದಿನ ರಸ್ತೆಯಿಂದ ಸುತ್ತು ಹಾಕಿ ಮುಂದಿನ ಮನೆಗಳಿಗೆ ಹೋಗುತ್ತಿದ್ದಳು. ಬುಟ್ಟಿಯ ವಾಸನೆ ಆ ಮನೆಯ ಬಾಗಿಲಿಗೆ ತಾಕಬಾರದಂತೆ.

ನನಗೆ ಉರಿಯಿತು. ಸೈಕಲ್ಲಿನಲ್ಲಿ ಹೂ ಮಾರುವವನೊಬ್ಬ ಆಗಲೇ ಆ ಬೀದಿಗೆ ಬರಲು ಶುರು ಮಾಡಿದ್ದ. ಇವತ್ತು ಆ ಮನೆ ಕೈಬಿಟ್ಟರೆ ನಾಳೆ ಬೀದಿಯೇ ಹೋಗುತ್ತದೆ ಎಂಬುದು ನನ್ನ ಲೆಕ್ಕ.

"ದೇವರಿಗಾದ್ರೂ ಬೇಕಾಗುತ್ತಲ್ಲಮ್ಮಾ, ಒಂದು ಮಾತು ಕೇಳೋಣ" ಎಂದೆ.

"ಬಾಯಿ ಮುಚ್ಚು. ಮೊನ್ನೆ ಗಂಡನ್ನ ಕಳ್ಕೊಂಡವಳ ಹತ್ರ ಹೂ ಬೇಕಾ ಅಂತ ಯಾವ ಬಾಯಲ್ಲಿ ಕೇಳ್ತೀಯ?"

ಅಪ್ಪ ಹೋದಾಗ ನಮ್ಮ ಬೀದಿಯ ಹೂವಿನವಳು ಹೀಗೇ ಮಾಡಿದ್ದಳು. ಸದ್ದಿಲ್ಲದೆ ನಮ್ಮ ಮನೆ ಬಿಟ್ಟು ಪಕ್ಕದ ಮನೆಗೆ ಹೋಗುತ್ತಿದ್ದಳು. ಅಮ್ಮ ಹೊಟ್ಟೆಪಾಡಿಗೆ ಈ ವ್ಯಾಪಾರಕ್ಕೆ ಇಳಿದದ್ದು ಅದಾದ ಮೇಲೆ. ದಿನವಿಡೀ ಹೂವಿನಲ್ಲೇ ಕೈಯಿಟ್ಟುಕೊಂಡಿದ್ದರೂ ಒಂದು ಮೊಗ್ಗನ್ನೂ ಮುಡಿದವಳಲ್ಲ. ಹಾಗಾಗಿ ಆ ಮನೆಯವಳ ಮನಸ್ಸು ತನಗೆ ತಿಳಿದಷ್ಟು ಇನ್ಯಾರಿಗೂ ತಿಳಿಯದು ಎಂದು ಅವಳು ನಂಬಿದ್ದಳು, ನಾನೂ ನಂಬಿದೆ.

ಒಂದು ಬೆಳಗ್ಗೆ ಹಿಂದಿನ ರಸ್ತೆಯ ತಿರುವಿನಲ್ಲಿ ಆಕೆ ನಿಂತಿದ್ದಳು. ಹಣೆ ಬೋಳು, ಕೈಯಲ್ಲಿ ಸ್ಟೀಲ್ ತಟ್ಟೆ. ನಮಗಾಗಿಯೇ ಕಾದಿದ್ದಳು. ಅಮ್ಮನ ಕಾಲು ನಿಂತೇಹೋಯಿತು.

"ಏನ್ ಪೂಕ್ಕಾರಮ್ಮಾ, ನಮ್ಮನೆ ಗೇಟು ಮರ್ತೋಯ್ತಾ?"

ಅಮ್ಮ ಬುಟ್ಟಿಯ ಮೇಲಿನ ಒದ್ದೆ ಬಟ್ಟೆ ಸರಿಮಾಡಿದಳು.

"ಅವರು ಹೋದ್ರು. ಅವರ ಹಿಂದೇನೇ ನೀನೂ ಹೋಗ್ಬಿಟ್ಯಾ? ಪೂವು ಬೇಡ ಅಂತ ನಾನು ಹೇಳಿದ್ನಾ? ಕಾಫಿ ಮಾಡಿ ಮೆಟ್ಲ ಮೇಲೆ ಕೂತ್ಕೊಂಡು ದಿನಾ ದಾರಿ ನೋಡಿದ್ದೀನಿ."

ಬೀದಿಯಲ್ಲಿ ಹೋಗುವವರು ನೋಡುತ್ತಿದ್ದರು. ಅಮ್ಮ ಬುಟ್ಟಿ ಇಳಿಸಿ ಕೂತಳು. ಸೇವಂತಿಗೆ ತೆಗೆದು, "ದೇವರಿಗೆ ಇದು ಆಗುತ್ತಲ್ವಾ ಅಕ್ಕಾ?" ಎಂದಳು. ದಿನಾ ಜಗಳವಾಡುತ್ತಿದ್ದ ಗೆಳತಿಯನ್ನು ಅಮ್ಮ ಅಕ್ಕಾ ಎಂದು ಕರೆದದ್ದು ಅವತ್ತೇ ಮೊದಲು.

"ಮಲ್ಲಿಗೆ ಕೊಡು. ಒತ್ತಾಗಿ ಕಟ್ಟಿದ್ದು. ಯಾವ ದೇವರಿಗೆ ಅಂತ ಮಾತ್ರ ಕೇಳ್ಬೇಡ."

ಅಮ್ಮ ಅಳೆದಳು. ಮೊಳಕ್ಕೆ ಮೊಳ ಸೇರಿಸಿ ಕೊಸರನ್ನೂ ಹಾಕಿ ತಟ್ಟೆಯಲ್ಲಿಟ್ಟಳು.

ತರಬೇತಿಯ ಕೋಟಿನ ಹುಡುಗ ಊಟವಾದ ಮೇಲೆ ಒಂದು ಮಾತು ಹೇಳಿದ. "ಗಿರಾಕಿ ಮನಸ್ಸಲ್ಲಿ ಏನಿದೆ ಅಂತ ನೀವೇ ಊಹೆ ಮಾಡ್ಕೋಬೇಡಿ. ನಿಮಗೆ ಹೇಗನ್ನಿಸುತ್ತೋ ಅವರಿಗೂ ಹಾಗೇ ಅನ್ನಿಸಬೇಕು ಅಂತೇನಿಲ್ಲ. ಹೋಗಿ ಕೇಳಿ." ನನ್ನ ಸಿಟ್ಟು ಅಲ್ಲಿಗೆ ಇಳಿಯಿತು. ಹುಡುಗ ಹೇಳಿದ್ದು ಸರಿಯಿತ್ತು. ಅವನು ಮುಂದಿನ ವಿಷಯಕ್ಕೆ ಹೋದರೂ ನಾನು ಮಾತ್ರ ಕ್ವಾರ್ಟರ್ಸಿನ ಆ ತಿರುವಿನಲ್ಲೇ ಉಳಿದೆ.

ಆಕೆ ಮಲ್ಲಿಗೆ ಒಯ್ದ ಆ ದಿನ ಉಳಿದ ಮನೆಗಳಿಗೂ ಹೂ ಹಾಕಿ ಮುಗಿಸಿದೆವು. ವಾಪಸು ಬರುವಾಗ ನಾನು ಗೆದ್ದವಳ ಹಾಗೆ, "ನೋಡಿದ್ಯಾ, ಕೇಳೋಣ ಅಂತ ನಾನು ಅವತ್ತೇ ಹೇಳಿರ್ಲಿಲ್ವಾ?" ಎಂದೆ. ಅಮ್ಮ ಖಾಲಿ ಬುಟ್ಟಿಯನ್ನು ಈ ಸೊಂಟದಿಂದ ಆ ಸೊಂಟಕ್ಕೆ ಬದಲಿಸಿದಳು. ಬೈಯುತ್ತಾಳೆ ಎಂದುಕೊಂಡೆ.

"ನಮ್ಮ ಬೀದಿ ಹೂವಿನವಳೂ ಬಂದು ನನ್ನನ್ನ ಒಂದು ಮಾತು ಕೇಳಬಹುದಿತ್ತು ಕಣೇ" ಎಂದಳು. "ನಾನೂ ಬೇಕು ಅಂತಿದ್ದೆ."