ಗಂಟು ಹಾಕಿದ ಕಾಯಿಲಿನ ರೊಟ್ಟಿ

ಇವತ್ತು ಔರಾದಿನಲ್ಲಿ ನಾನು ಕಲಿಸುವ ಶಾಲೆಯ ಲ್ಯಾಬಿನಲ್ಲಿ ಹೀಟರ್ ಕಾಯಿಲ್ ಕೆಂಪಗಾಗಿ ಧೂಳು ಸುಟ್ಟ ವಾಸನೆ ಬಂತು ನೋಡಿ, ನಾನು ನೆನಪಿನಲ್ಲಿ ನೇರ ಭಾಲ್ಕಿಯ ನಮ್ಮ ಹಳೆಯ ಅಡುಗೆಮನೆಗೆ ಹೋಗಿಬಿಟ್ಟೆ.

ಅವ್ವ ಕರೆಂಟಿನ ಒಲೆಯ ಮೇಲೆ ಜೋಳದ ರೊಟ್ಟಿ ಸುಡುತ್ತಿದ್ದಳು. ಕಾಯಿಲ್ ಹರಿದಾಗಲೆಲ್ಲ ಪ್ಲಗ್ ಕಿತ್ತು, ಸುಟ್ಟ ತುದಿ ಕತ್ತರಿಸಿ, ಉಳಿದದ್ದನ್ನು ಹೊಸೆದು ಗಂಟು ಹಾಕುತ್ತಿದ್ದಳು. ವಿಜ್ಞಾನದ ಮೇಷ್ಟ್ರಾದ ಅಪ್ಪನಿಗೆ ಒಲೆಯ ಕಾವು ಮಿತಿ ಮೀರುತ್ತಿದೆಯೇನೋ ಎಂದು ಅನುಮಾನ. ಒಂದು ಸಂಜೆ ಶಾಲೆಯ ಮೀಟರ್ ತಂದು ಅಳೆದರು. ಇನ್ನೂರು ವೋಲ್ಟ್, ಐದು ಆಂಪಿಯರ್. ನೆಲದ ಮೇಲೆ ಚಾಕ್‌ಪೀಸಿನಲ್ಲಿ ಲೆಕ್ಕ ಮಾಡಿದರು. ಭಾಗಿಸಿದರೆ ರೋಧ ನಲವತ್ತು ಓಮ್, ಗುಣಿಸಿದರೆ ಸಾವಿರ ವ್ಯಾಟ್.

"ಹೊಸದಿದ್ದಾಗ ಐವತ್ತು ಓಮ್, ಎಂಟುನೂರು ವ್ಯಾಟ್ ಇತ್ತು. ಗಿಡ್ಡ ಆದಷ್ಟೂ ತಡಿಯೋದು ಕಡಿಮಿ, ಕಾವು ಜಾಸ್ತಿ. ಇನ್ನೂ ಗಂಟು ಹಾಕ್ಕೋತ ಹೋದ್ರ ವೈರೇ ಸುಡ್ತದ, ನೋಡು" ಎಂದರು.

ಅವ್ವ ರೊಟ್ಟಿ ತಿರುವಿ ಹಾಕಿದಳು. "ಇಷ್ಟಕ್ಕ ಮೀಟರ್ ಯಾಕ ಬೇಕಿತ್ರಿ? ಮೊದಲು ಹತ್ತು ಎಣಿಸಿ ತಿರುವ್ತಿದ್ದೆ. ಈಗ ಏಳಕ್ಕೇ ಕರ್ರಗಾಗ್ತದ."

ಅಪ್ಪ ನಕ್ಕು ಚಾಕ್‌ಪೀಸ್ ಜೇಬಿಗಿಟ್ಟರು. ಮರುದಿನ ಹೊಸ ಕಾಯಿಲ್ ಬಂತು. "ಇದು ಭಾಳ ಮೈಗಳ್ಳ ಅದ್ರಿ" ಎಂದು ಅವ್ವ ವಾರವಿಡೀ ಗೊಣಗಿದಳು.

ಲ್ಯಾಬಿನಲ್ಲಿ ಆ ವಾಸನೆ ಹೋಗುವ ಮೊದಲೇ ಮಕ್ಕಳನ್ನು ಕೇಳಿದೆ: "ಕಾಯಿಲ್ ಗಿಡ್ಡ ಮಾಡಿದ್ರ ಕಾವು ಹೆಚ್ಚೋ, ಕಡಿಮಿಯೋ?"

"ಕಡಿಮಿರೀ" ಎಂದು ಎಲ್ಲರೂ ಕೂಗಿದರು. ಡಾಬಕಾ ಹಳ್ಳಿಯಿಂದ ಬರುವ ಹುಡುಗಿ ಮಾತ್ರ ಎದ್ದು ನಿಂತಳು. "ಹೆಚ್ಚಾಗ್ತದ್ರಿ ಟೀಚರ್. ನಮ್ಮವ್ವ ಕಾಯಿಲಿಗಿ ಗಂಟು ಹಾಕಿದಾಗೆಲ್ಲ ರೊಟ್ಟಿ ಹೊತ್ತತಾವ್ರಿ."

"ಎಷ್ಟು ಎಣಿಸಿ ತಿರುವ್ತಾಳ ನಿಮ್ಮವ್ವ?"

"ಆರು ರೀ."

"ಹಂಗಾದ್ರ ಇವತ್ತೇ ಹೊಸ ಕಾಯಿಲ್ ತರ್ಲಾಕ ಹೇಳವ್ವ" ಎಂದೆ.